ಖಾಲಿ ಉತ್ತರ ಕೊಡದ ಪೆಟ್ಟಿಗೆ

ಚಿತ್ತವಾಡ್ಗಿ, ಹೊಸಪೇಟೆ
೨೦ ಜನವರಿ ೨೦೨೫

ಕಂಪ್ಲಿ ಮಾವನಿಗೆ ಹೇಮಾಳ ನಮಸ್ಕಾರ.

ಫೋನ್ ಹಚ್ಚಿದರೆ ನಿಮಗೆ ಕೇಳಿಸುವುದಿಲ್ಲ. ವಾಟ್ಸಾಪ್ ಕಳಿಸಿದರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ ಎನ್ನುತ್ತೀರಿ. ಊರೂರ ಮದುವೆಗೆ ಸ್ಪೀಕರ್ ಕಟ್ಟಿ ಕಿವಿ ಕಳೆದುಕೊಂಡ ಸೋದರಮಾವ ಇದ್ದ ಮೇಲೆ ಅಕ್ಕನ ಮಗಳು ಕಾಗದ ಬರೆಯುವುದನ್ನು ಕಲಿಯಲೇಬೇಕು. ಇದನ್ನು ಗೂಡ್ಸ್ ಗಾಡಿಯ ಯಲ್ಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡಿ.

ವಿಷಯ ಇಷ್ಟು. ಹೋದ ವರ್ಷ ನಿಮ್ಮ ಶಾಮಿಯಾನ ಅಂಗಡಿಯ ಸಾಮಾನು, ಬುಕಿಂಗು ಎಲ್ಲವನ್ನೂ ಕಂಪ್ಯೂಟರಿನ ಡೇಟಾಬೇಸಿಗೆ ಹಾಕಿಕೊಟ್ಟೆ. ಇಲ್ಲಿ ಅವ್ವನ ಅಂಗಡಿಗೂ ಸಂಡೂರಿನ ಹೊನ್ನೂರುಸ್ವಾಮಿಯವರ ಅಂಗಡಿಗೂ ಅದನ್ನೇ ಮಾಡಿದ್ದೇನೆ. ಆದರೆ ಮೂರೂ ಅಂಗಡಿಗಳು ಮೂರು ಬಾವಿಗಳ ಹಾಗೆ ಬೇರೆ ಬೇರೆ. ಮೊನ್ನೆ ವಡ್ಡು ಗ್ರಾಮದ ಮದುವೆಯಲ್ಲಿ ಕುರ್ಚಿ ಸಾಲದೆ ಬೀಗರು ನಿಂತುಕೊಂಡೇ ಉಂಡರಂತೆ. ಅದೇ ದಿನ ಕಂಪ್ಲಿಯ ನಿಮ್ಮ ಗೋಡೌನಿನಲ್ಲಿ ಕುರ್ಚಿಗಳು ಸೂರು ಮುಟ್ಟುವಷ್ಟು ಪೇರಿಸಿಟ್ಟಿದ್ದವು. ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.

ಈ ಮೂರನ್ನೂ ಕೂಡಿಸುತ್ತೇನೆ, ಮಾವ. ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಕಂಟೇನರ್, ಅದರೊಳಗೆ ಒಂದು ಏಜೆಂಟ್ ಇಡುತ್ತೇನೆ. ಯಾರಿಗಾದರೂ ಸಾಮಾನು ಕಡಿಮೆ ಬಿದ್ದರೆ ಅದನ್ನು ಕೇಳಿದರಾಯಿತು. ಮೈನ್ಸ್ ಆಫೀಸಿನ ಕೆಲಸ ಬಿಟ್ಟು ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತ ಮೇಲೆ ನನ್ನ ಹೆಸರಿನಲ್ಲೇ ಮಾಡುವ ಮೊದಲ ದೊಡ್ಡ ಕೆಲಸ ಇದು. ನೀವು ಒಲ್ಲೆ ಎಂದರೆ ಸಂಡೂರಿನವರೂ ಒಲ್ಲೆ ಎನ್ನುತ್ತಾರೆ.

ಅವ್ವ ಒಪ್ಪಿದಳೇ ಎಂದು ಕೇಳಬೇಡಿ. "ಸಂಡೂರಿನವ್ರ ಜೋಡಿ ಕೂಡಿಸು. ಕಂಪ್ಲಿಯವ್ನ ಹೆಸ್ರು ನನ್ನ ಮುಂದ ತಗೀಬ್ಯಾಡ" ಎಂದಳು. ಆಮೇಲೆ ಬಟ್ಟೆ ಮಡಚುತ್ತಾ, "ಅವ್ನತ್ರ ದೊಡ್ಡ ಜಮಖಾನ ಅದಾವಲ್ಲ" ಎಂದಳು. ಅದನ್ನು ನಾನು ಒಪ್ಪಿಗೆ ಎಂದೇ ಇಟ್ಟುಕೊಂಡಿದ್ದೇನೆ.

ಸುಳ್ಳು ಯಾಕೆ ಹೇಳಲಿ, ನನ್ನ ಆಸೆ ಕುರ್ಚಿ ಜಮಖಾನದ್ದಷ್ಟೇ ಅಲ್ಲ. ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳಾದವು. ನೀವಿಬ್ಬರು ಮಾತಾಡದಿದ್ದರೆ ನಿಮ್ಮ ಅಂಗಡಿಗಳಾದರೂ ಮಾತಾಡಲಿ.

ನಿಮ್ಮ
ಹೇಮಾ

*

ಕಂಪ್ಲಿ
೨೭ ಜನವರಿ ೨೦೨೫

ಹೇಮಾಳಿಗೆ ಮಾವ ಉಚ್ಚೆಂಗಪ್ಪನ ಆಶೀರ್ವಾದ. ನಾವೆಲ್ಲ ಕ್ಷೇಮ, ಕಿವಿಯೊಂದನ್ನು ಬಿಟ್ಟು.

ಕಂಟೇನರ್ ಎಂದು ಬರೆದಿದ್ದೀಯ. ತೋರಣಗಲ್ಲಿನ ರೋಡಿನಲ್ಲಿ ಹೋಗುವ ಕಂಟೇನರ್ ಲಾರಿ ನಮ್ಮ ಓಣಿಯಲ್ಲಿ ತಿರುಗುವುದಿಲ್ಲ. ಏಜೆಂಟ್ ಎಂದಿದ್ದೀಯ. ಎಲ್ಲೈಸಿ ಏಜೆಂಟನೊಬ್ಬ ಬಂದು ದಿನಾ ಚಹಾ ಕುಡಿದು ಹೋಗುತ್ತಾನೆ, ಇನ್ನೊಬ್ಬನನ್ನು ಸಾಕುವ ಶಕ್ತಿ ಇಲ್ಲ. ಇವೆರಡೂ ಕಂಪ್ಯೂಟರಿನ ಒಳಗಿನ ಸಂಗತಿ ಎಂದು ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಪಂಪೇಶ್ ಹೇಳಿದ. ಹಾಗಾದರೆ ಜಾಗದ ಚಿಂತೆ ಹೋಯಿತು, ಬೇರೆ ಚಿಂತೆ ಬಂತು.

ನನ್ನ ಗಿರಾಕಿ ಯಾರು, ಯಾರ ಮನೆಯ ಮದುವೆ, ಯಾರಿಗೆ ಯಾವ ರೇಟು ಎಂಬುದೆಲ್ಲ ಅದರಲ್ಲೇ ಇದೆ. ಹೊನ್ನೂರುಸ್ವಾಮಿ ಒಳ್ಳೆಯವನೇ. ಆದರೆ ಬಾಗಿಲು ತೆರೆದಿದ್ದರೆ ಒಳ್ಳೆಯವನೂ ಒಂದು ಸಲ ಇಣುಕುತ್ತಾನೆ. ಕೀಲಿ ಯಾರ ಹತ್ತಿರ ಇರುತ್ತದೆ? ನಿನ್ನ ಏಜೆಂಟ್ ಒಳಗೆ ಬಂದು ಏನೇನು ಮುಟ್ಟುತ್ತಾನೆ? ಬೇಡವೆಂದರೆ ಹೊರಗೆ ಹೋಗುತ್ತಾನೋ ಇಲ್ಲವೋ? ಕೇಳುವ ಅಂಗಡಿ ಯಾವುದು ಎಂದು ಇನ್ನೊಬ್ಬರಿಗೆ ತಿಳಿಯಲೇಬಾರದು. ಅದಕ್ಕೆ ಏನು ಮಾಡುತ್ತೀ? ಬರೆದು ತಿಳಿಸು.

ನಿಮ್ಮ ಅವ್ವನ ವಿಷಯ. ಹೆಸರು ತೆಗೆಯಬೇಡ ಎಂದಳೋ? ಎನ್ನಲಿ. ನಮ್ಮ ಅವ್ವ ಎರ್ರೆಮ್ಮನ ತಾಮ್ರದ ಕೊಪ್ಪರಿಗೆ ಅಕ್ಕನ ಹತ್ತಿರ ಇತ್ತು. ಇಲ್ಲಿಯ ಒಂದು ಮದುವೆಗೆ ಬೇಕಾಗಿ ತರಿಸಿದೆ, ತೊಳೆಸಿದೆ, ಬೇರೆ ಪಾತ್ರೆಗಳ ಜೊತೆ ಗಾಡಿಗೆ ಹೇರಿ ಕಳಿಸಿದೆ. "ತವರಿನ ಪಾತ್ರಿ ನನಗ ಖಾಲಿ ಕಳಿಸ್ಯಾನ" ಎಂದು ಅದೇ ಗಾಡಿಯಲ್ಲಿ ವಾಪಸ್ ಕಳಿಸಿದಳು. ಶಾಮಿಯಾನದವರ ಪಾತ್ರೆ ಲಾರಿಗಟ್ಟಲೆ ಹೋಗುತ್ತವೆ, ಬರುತ್ತವೆ. ಒಂದೊಂದಕ್ಕೂ ಬೆಲ್ಲ ಹಾಕುತ್ತಾ ಕೂತರೆ ವ್ಯಾಪಾರ ಮಾಡುವುದು ಯಾವಾಗ? ಅದು ಈಗಲೂ ನನ್ನ ಗೋಡೌನಿನ ಮೂಲೆಯಲ್ಲಿ ಬೋರಲು ಬಿದ್ದಿದೆ. ಬಾಡಿಗೆಗೆ ಕೊಡುವುದಿಲ್ಲ, ಸಾಮಾನಿನ ಲೆಕ್ಕದಲ್ಲೂ ಇಲ್ಲ.

ಉಚ್ಚೆಂಗಪ್ಪ

*

ಚಿತ್ತವಾಡ್ಗಿ
೩ ಫೆಬ್ರವರಿ ೨೦೨೫

ಮಾವನಿಗೆ ನಮಸ್ಕಾರ.

ಕೀಲಿಯ ವಿಷಯ ಮೊದಲು. ಕೀಲಿ ಎಂದರೆ ಪಾಸ್‌ವರ್ಡ್. ಅದನ್ನು ನೀವೇ ಇಡುತ್ತೀರಿ, ಅದು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ನನ್ನ ಕಡೆಗೂ ಬರುವುದಿಲ್ಲ. ನಾನು ಬರುವ ದಿನ ನೀವು ಅದನ್ನು ಹಾಕುವಾಗ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತೇನೆ.

ಕಂಟೇನರ್ ಎಂದರೆ ಒಂದು ಮುಚ್ಚಿದ ಪೆಟ್ಟಿಗೆ ಎಂದುಕೊಳ್ಳಿ. ಏಜೆಂಟ್ ತನಗೆ ಬೇಕಾದ ಸಾಮಾನನ್ನೆಲ್ಲ ಜೊತೆಗೆ ಕಟ್ಟಿಕೊಂಡು ಅದರಲ್ಲಿ ಕೂತಿರುತ್ತದೆ. ನಿಮ್ಮ ಕಂಪ್ಯೂಟರಿನ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ನೀವು ತೋರಿಸಿದ ಒಂದು ಕಿಟಕಿಯಿಂದ ನೋಡಬಹುದು, ಅಷ್ಟೆ. ಓದಬಹುದು, ಬರೆಯಲಾಗದು, ಅಳಿಸಲಾಗದು. ಆ ಕಿಟಕಿಯಲ್ಲಿ ನಾವು ಇಡುವುದು ಯಾವ ದಿನ ಯಾವ ಸಾಮಾನು ಬಿಡುವಾಗಿದೆ ಎಂಬುದನ್ನು ಮಾತ್ರ. ಗಿರಾಕಿಯ ಹೆಸರಿಲ್ಲ, ರೇಟಿಲ್ಲ. ಬೇಡವೆಂದ ದಿನ ಪೆಟ್ಟಿಗೆ ಸಮೇತ ತೆಗೆದುಬಿಡಬಹುದು, ಕಸವೂ ಉಳಿಯುವುದಿಲ್ಲ.

ಇನ್ನು ಬಾಗಿಲು. ಹೊರಗಿನವರಿಗಾಗಿ ನಾನು ಯಾವ ಬಾಗಿಲನ್ನೂ ತೆರೆಯುತ್ತಿಲ್ಲ. ಒಳಗಿನಿಂದ ಪೆಟ್ಟಿಗೆಯೇ ನಡುವಿನ ಸರ್ವರಿಗೆ ಫೋನ್ ಹಚ್ಚಿ, ಲೈನ್ ಹಿಡಿದುಕೊಂಡು, "ಏನಾದರೂ ಪ್ರಶ್ನೆ ಇದೆಯೇ" ಎಂದು ಕಾಯುತ್ತದೆ. ಅದಕ್ಕೆ ಫೋನ್ ಹಚ್ಚಲು ಯಾರಿಗೂ ಬರುವುದಿಲ್ಲ, ಯಾಕೆಂದರೆ ಅದಕ್ಕೆ ನಂಬರೇ ಇಲ್ಲ. ಕೇಳಿದವರು ಯಾರೆಂಬುದನ್ನು ಪೆಟ್ಟಿಗೆಗೆ ತಿಳಿಸುವುದೂ ಇಲ್ಲ. ನಿಮ್ಮ ಷರತ್ತು ಪೂರ್ತಿ ಒಪ್ಪಿದ್ದೇನೆ.

ಕೊಪ್ಪರಿಗೆಯ ವಿಷಯಕ್ಕೆ ಒಂದೇ ಮಾತು. ಪಕ್ಕದ ಮನೆಯವರ ಬಟ್ಟಲು ವಾಪಸ್ ಕೊಡುವಾಗಲೂ ಅವ್ವ ಒಂದು ಚಿಟಿಕೆ ಸಕ್ಕರೆ ಹಾಕಿಯೇ ಕೊಡುತ್ತಾಳೆ. ಅದನ್ನು ಅವಳು ಕಲಿತದ್ದು ನಿಮ್ಮ ಮನೆಯಲ್ಲೇ ಅಲ್ಲವೇ? ಬೈಯಬೇಡಿ. ಮುಂದಿನ ವಾರ ಬರುತ್ತೇನೆ, ಮಿರ್ಚಿ ಮಂಡಕ್ಕಿ ತರಿಸಿ ಇಡಿ.

ಹೇಮಾ

*

ಕಂಪ್ಲಿ
೧೮ ಫೆಬ್ರವರಿ ೨೦೨೫

ಹೇಮಾಳಿಗೆ ಆಶೀರ್ವಾದ.

ನೀನು ಕೂಡಿಸಿ ಹೋದ ಪೆಟ್ಟಿಗೆ ಸುಖವಾಗಿದೆ. ಮೊದಲ ದಿನದ ಅದರ ಅವಸ್ಥೆ ನೆನೆದರೆ ಈಗಲೂ ನಗು ಬರುತ್ತದೆ. ನೀನು ಕೊಟ್ಟ ವಿಳಾಸ ತಪ್ಪಾಗಿ, ಡೇಟಾಬೇಸನ್ನು ಅದು ತನ್ನ ಪೆಟ್ಟಿಗೆಯೊಳಗೇ ಹುಡುಕುತ್ತಾ, ಸಿಗಲಿಲ್ಲ ಸಿಗಲಿಲ್ಲ ಎಂದು ಒಂದೇ ಸಮನೆ ಗೋಳಾಡಿತಲ್ಲ. ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ತಡಕುವ ನನಗೆ ಅದರ ಮೇಲೆ ಅಂದೇ ಪ್ರೀತಿ ಬಂತು.

ಆದರೂ ಪ್ರೀತಿ ಬೇರೆ, ಗೋಡೌನ್ ಬೇರೆ. ಹೊಸ ವಾಚ್‌ಮನ್ ಬಂದರೆ ನಮ್ಮ ಅಪ್ಪ ಮೊದಲು ಅವನಿಗೆ ಖಾಲಿ ಗೋಡೌನ್ ಕಾಯಲು ಕೊಡುತ್ತಿದ್ದ. ಖಾಲಿಯದನ್ನು ನೆಟ್ಟಗೆ ಕಾದರೆ ಆಮೇಲೆ ತುಂಬಿದ್ದು. ನಾನೂ ಹಾಗೇ ಮಾಡಿದ್ದೇನೆ. ನೀನು ಅತ್ತ ಹೋದ ಮೇಲೆ ಪಂಪೇಶನಿಗೆ ಹೇಳಿ, ನಮ್ಮ ಸಾಮಾನಿನ ಪಟ್ಟಿಯ ಹಾಗೇ ಇರುವ, ಒಳಗೆ ಏನೂ ಇಲ್ಲದ ಇನ್ನೊಂದನ್ನು ಮಾಡಿಸಿದೆ. ಪೆಟ್ಟಿಗೆಯ ಕಿಟಕಿಯನ್ನು ಅತ್ತ ತಿರುಗಿಸಿದ್ದೇವೆ. ಅದು ಪಾಪ ಬರಿಗೋಡೆಯನ್ನು ನಿಷ್ಠೆಯಿಂದ ಕಾಯುತ್ತಿದೆ. ಶಿವರಾತ್ರಿ ಮುಗಿಯಲಿ, ನಿಜವಾದ ಗೋಡೌನ್ ತೋರಿಸುತ್ತೇನೆ. ಈ ಮುದುಕನಿಗೆ ಬುದ್ಧಿ ಇದೆ ಎಂದು ನೀನೂ ಒಪ್ಪುತ್ತೀ.

ಉಚ್ಚೆಂಗಪ್ಪ

*

ಚಿತ್ತವಾಡ್ಗಿ
೧೯ ಫೆಬ್ರವರಿ ೨೦೨೫

ಮಾವ,

ನಿಮ್ಮ ಕಾಗದ ಇನ್ನೂ ಬಂದಿಲ್ಲ. ಬರುವವರೆಗೆ ಕಾಯುವ ತಾಳ್ಮೆ ನನಗಿಲ್ಲ.

ಇವತ್ತು ಬೆಳಿಗ್ಗೆ ಒಂದು ಗೃಹಪ್ರವೇಶಕ್ಕೆ ದೊಡ್ಡ ಜಮಖಾನ ಬೇಕಾಯಿತು. ಅವ್ವ ಸಂಡೂರನ್ನು ಕೇಳಿದಳು, ಅಲ್ಲಿ ಸಣ್ಣವು ಮಾತ್ರ ಇದ್ದವು. ಸೆರಗು ಸರಿ ಮಾಡಿಕೊಂಡಳು. ಆಮೇಲೆ, ನಾನು ಹೇಳದೆ, ಯಾರೂ ಹೇಳದೆ, ತಾನೇ ಕಂಪ್ಲಿಯ ಮೇಲೆ ಬೆರಳಿಟ್ಟು ಜಮಖಾನ ಇದೆಯೇ ಎಂದು ಕೇಳಿದಳು.

ಉತ್ತರ ಬಂತು. ಏನೂ ಇಲ್ಲದ ಬಿಳಿ ಪರದೆ. ಅವಳು ಅದನ್ನೇ ನೋಡುತ್ತಾ, "ಖಾಲಿ ಕಳಿಸ್ಯಾನ ನೋಡು. ಮತ್ತ ಖಾಲಿ" ಎಂದಳು. ಕಂಪ್ಯೂಟರ್ ಮುಚ್ಚಿ ಈರುಳ್ಳಿ ಹೆಚ್ಚಲು ಹೋದಳು. ಈರುಳ್ಳಿಯ ನೆಪದಲ್ಲಿ ಅತ್ತದ್ದು ನನಗೆ ಗೊತ್ತಾಗಲಿಲ್ಲ ಎಂದು ತಿಳಿದಿದ್ದಾಳೆ.

ಎಲ್ಲವನ್ನೂ ಪರೀಕ್ಷೆ ಮಾಡಿದೆ. ಲೈನ್ ಸರಿ ಇದೆ, ಕೀಲಿ ಸರಿ ಇದೆ. ಪೆಟ್ಟಿಗೆ ಸತ್ಯವನ್ನೇ ಹೇಳುತ್ತಿದೆ, ತನ್ನ ಮುಂದೆ ಏನೂ ಇಲ್ಲ ಎಂದು. ಮಾವ, ಏನು ಮಾಡಿದ್ದೀರಿ? "ಕಂಪ್ಲಿಯವ್ರು ಏನೂ ತೋರ್ಸಲ್ಲಂದ್ರ ನಾನ್ಯಾಕ್ ತೋರಿಸ್ಲಿ" ಎಂದು ಸಂಡೂರಿನವರೂ ಆಗಲೇ ಗೊಣಗುತ್ತಿದ್ದಾರೆ. ನನಗೆ ನಿಮ್ಮ ಮೇಲೆ ಭಾಳ ಸಿಟ್ಟು ಬಂದಿದೆ.

ಹೇಮಾ

*

ಕಂಪ್ಲಿ
೨೦ ಫೆಬ್ರವರಿ ೨೦೨೫

ಹೇಮಾ,

ಜಮಖಾನ ಇದ್ದವು. ರಾಶಿ ಇದ್ದವು. ಅವಳು ಕೇಳುತ್ತಾಳೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಿನ್ನ ಕಾಗದ ಓದಿ ನಿಂತ ಕಾಲಲ್ಲೇ ಪಂಪೇಶನನ್ನು ಕೂರಿಸಿ ಕಿಟಕಿಯನ್ನು ನಿಜವಾದ ಗೋಡೌನಿನ ಕಡೆಗೆ ತಿರುಗಿಸಿದ್ದೇನೆ. ಸಂಡೂರಿನವನಿಗೆ ಹೇಳು, ಬೇಕಾದ್ದು ಕೇಳಲಿ.

ಈಗ ನನ್ನ ಕೆಲಸ ಒಂದು ಮಾಡು. ಆ ಪೆಟ್ಟಿಗೆ ಇನ್ನು ಮುಂದೆ ಯಾರಿಗೂ ಖಾಲಿ ಉತ್ತರ ಕಳಿಸಬಾರದು. ಸಾಮಾನು ಇದ್ದರೆ ಇದೆ ಎನ್ನಲಿ. ಇಲ್ಲದಿದ್ದರೆ ಅದರ ಜಾಗದಲ್ಲಿ ನಾನು ಹೇಳುವ ಈ ಸಾಲನ್ನು ಇಡು, ಒಂದಕ್ಷರವನ್ನೂ ತಿದ್ದಬೇಡ:

"ಕೇಳಿದ್ದು ಇವತ್ತ ಇಲ್ಲ. ಅವ್ವನ ಕೊಪ್ಪರಿಗಿ ಐತಿ. ಕಳಿಸ್ಲೇನು ಅಕ್ಕಾ?"

ಪೆಟ್ಟಿಗೆ ತಾನಾಗಿಯೇ ಇದನ್ನು ನಿಮ್ಮ ಅಂಗಡಿಗೆ ಕಳಿಸಲು ಬರುತ್ತದೆಯೇ? ಬಂದರೆ ಇವತ್ತೇ ಕಳಿಸಿಬಿಡು. ನಾನು ಬರೆದ ಕಾಗದಗಳನ್ನು ಅಕ್ಕ ಹಿಂದೆ ಒಡೆಯದೆ ವಾಪಸ್ ಕಳಿಸಿದ್ದಾಳೆ, ಅದಕ್ಕೆ ಕೇಳುತ್ತಿದ್ದೇನೆ. ನೀನು ಬಾಯಿಬಿಟ್ಟು ಹೇಳಬಾರದು. ನಡುವೆ ನಿಂತು ಹೇಳಿಸಿದ ಮಾತು ಅವಳಿಗೆ ಹಿಡಿಸುವುದಿಲ್ಲ.

ಮಾವ

*

ಚಿತ್ತವಾಡ್ಗಿ
೧ ಮಾರ್ಚ್ ೨೦೨೫

ಪ್ರೀತಿಯ ಮಾವನಿಗೆ,

ಸಿಟ್ಟು ಇಳಿದಿದೆ. ಸಾಲನ್ನು ಹಾಕಿದ್ದೇನೆ. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತಿದ್ದೇನೆ, ಕೆಲಸ ಮಾಡುತ್ತಾ ಅತ್ತದ್ದು ಇದೇ ಮೊದಲು.

ಆದರೆ ಪೆಟ್ಟಿಗೆಗೆ ತಾನಾಗಿ ಮಾತಾಡಲು ಬರುವುದಿಲ್ಲ. ಕೇಳಿದರೆ ಉತ್ತರ ಕೊಡುತ್ತದೆ, ಕೇಳದಿದ್ದರೆ ಬಾಯಿ ಬಿಡುವುದಿಲ್ಲ. ಅದು ಭದ್ರವಾಗಿರುವುದೇ ಹಾಗಿರುವುದರಿಂದ, ಅದನ್ನು ನಾನು ಮುರಿಯಲಾರೆ. ಅವ್ವನೇ ಕೇಳಬೇಕು. ಕೇಳಿದ ಸಾಮಾನು ಆ ದಿನ ನಿಮ್ಮಲ್ಲಿ ಇಲ್ಲದಿರಬೇಕು. ಆಗ ಮಾತ್ರ ಈ ಸಾಲು ಹೋಗುತ್ತದೆ. ನಾನು ಏನೂ ಹೇಳುವುದಿಲ್ಲ, ಆಣೆ.

ಇನ್ನೊಂದು. ಕೇಳಿದವರು ಯಾರೆಂದು ಪೆಟ್ಟಿಗೆಗೆ ತಿಳಿಯಬಾರದು ಎಂದು ಷರತ್ತು ಹಾಕಿದವರು ನೀವೇ. ಹೀಗಾಗಿ ಸಂಡೂರಿನ ಹೊನ್ನೂರುಸ್ವಾಮಿಯವರು ಕೇಳಿದಾಗಲೂ ಇದೇ ಸಾಲು ಹೋಗುತ್ತದೆ. ಅವರ ಮೀಸೆಯನ್ನು ನೀವು ನೋಡಿದ್ದೀರಿ. ಸಂಭಾಳಿಸಿಕೊಳ್ಳಿ.

ಅವ್ವ ಕಂಪ್ಲಿಯನ್ನು ಬಿಟ್ಟು ಬೇರೆ ಎಲ್ಲರನ್ನೂ ಕೇಳುತ್ತಿದ್ದಾಳೆ. ನಿನ್ನೆ ಹಂಪಿಯ ಒಂದು ಕಾರ್ಯಕ್ರಮಕ್ಕೆ ಶಾಮಿಯಾನದ ಪಕ್ಕಕ್ಕೆ ಕಟ್ಟುವ ಸೈಡ್‌ವಾಲ್ ಬಟ್ಟೆ ಕಡಿಮೆ ಬಿತ್ತು. ಕಂಪ್ಲಿಯ ಗುಂಡಿ ಒತ್ತುವುದಕ್ಕಿಂತ ಗಂಗಾವತಿಯಿಂದ ತರಿಸುವುದೇ ಲೇಸೆಂದು ತರಿಸಿದಳು.

ಹೇಮಾ

*

ಸಂಡೂರು
೧೬ ಮಾರ್ಚ್ ೨೦೨೫

ಕಂಪ್ಲಿಯ ಉಚ್ಚೆಂಗಪ್ಪನವರಿಗೆ ಸಂಡೂರಿನ ಹೊನ್ನೂರುಸ್ವಾಮಿಯ ನಮಸ್ಕಾರಗಳು.

ಫೋನಿನಲ್ಲಿ ನಿಮ್ಮ ಜೊತೆ ಕೂಗಾಡಿ ಗಂಟಲು ಕಟ್ಟಿದೆ, ಅದಕ್ಕೆ ಈ ಕಾಗದ. ನಿಮ್ಮ ಕುರ್ಚಿಗಳು ಬಂದು ನಮ್ಮ ಎರಡು ಮದುವೆಗಳನ್ನು ಉಳಿಸಿದವು. ವ್ಯವಸ್ಥೆ ಮಸ್ತ್ ಇದೆ. ಆ ವಿಷಯದಲ್ಲಿ ತಕರಾರಿಲ್ಲ.

ತಕರಾರು ಬೇರೆ. ಹೋದ ವಾರ ಜನರೇಟರ್ ಕೇಳಿದೆ. ಇಲ್ಲ ಎಂದ ನಿಮ್ಮ ಪೆಟ್ಟಿಗೆ ನನ್ನನ್ನು ಅಕ್ಕಾ ಎಂದಿತು. ಕೈತಪ್ಪಿ ಬಂದಿರಬೇಕು ಎಂದುಕೊಂಡು ಸೌಟು ಕೇಳಿದೆ. ಮತ್ತೆ ಅಕ್ಕಾ. ಅಂಗಡಿಯ ಹುಡುಗರು ನೋಡಿದ್ದಾರೆ. ಅವರಿಂದ ನನ್ನ ಹೆಂಡತಿಗೆ ತಿಳಿದು, ಈಗ ಅವಳು ಊಟಕ್ಕೆ ಕರೆಯುವುದೂ "ಹೊನ್ನೂರಕ್ಕಾ, ಬರ್ರಿ" ಎಂದೇ.

ಸಿಟ್ಟಿನಿಂದ ಹೇಮಾವ್ವನಿಗೆ ಫೋನ್ ಹಚ್ಚಿದೆ. ಆ ಹುಡುಗಿ ಮುಗುಮ್ಮಾಗಿ, "ಅದು ನಿಮಗ ಬರ್ದದ್ದಲ್ರೀ" ಎಂದು ಮಾತ್ರ ಅಂದಳು. ಅಷ್ಟಕ್ಕೇ ನನಗೆ ಅರ್ಥವಾಯಿತು. ನನಗೂ ಅಕ್ಕ ಇದ್ದಾಳೆ. ಅವಳ ಮನೆಗೆ ಹೋಗಿ ಭಾಳ ದಿನ ಆಗಿತ್ತು, ನಿನ್ನೆ ಹೋಗಿ ಬಂದೆ.

ಸಾಲು ತೆಗೆಯಬೇಡಿ. ತಲುಪಬೇಕಾದವರಿಗೆ ತಲುಪುವವರೆಗೆ ಅವರ ಬದಲಿಗೆ ನಾನು ಅನ್ನಿಸಿಕೊಳ್ಳುತ್ತೇನೆ.

ಹೊನ್ನೂರುಸ್ವಾಮಿ

*

ಕಂಪ್ಲಿ
೧೨ ಏಪ್ರಿಲ್ ೨೦೨೫

ಹೇಮಾಳಿಗೆ ಆಶೀರ್ವಾದ.

ಯುಗಾದಿಗೆ ನೀನು ಕಳಿಸಿದ ಬೇವು ಬೆಲ್ಲ ಮುಟ್ಟಿತು. ಬೆಲ್ಲವೇ ಹೆಚ್ಚಿತ್ತು, ಅದು ಅಕ್ಕನ ಕೈಯ ಅಳತೆ. ಅವಳಿಗೆ ಗೊತ್ತಿಲ್ಲದೆ ಕಳಿಸಿದೆಯೋ, ಗೊತ್ತಿದ್ದೂ ಸುಮ್ಮನಿದ್ದಳೋ, ನಾನು ಕೇಳುವುದಿಲ್ಲ.

ಪೆಟ್ಟಿಗೆ ಚೆನ್ನಾಗಿ ದುಡಿಯುತ್ತಿದೆ. ಈಗ ಅದನ್ನು ಕಂಡರೆ ಮನೆಯ ಮಗನ ಮೇಲಿನಷ್ಟು ನಂಬಿಕೆ. ದಿನಾ ಪ್ರಶ್ನೆಗಳು ಬರುತ್ತವೆ. ಯಾರು ಕೇಳಿದರು ಎಂದು ತಿಳಿಯದ ಹಾಗೆ ಮಾಡಿಸಿದ ನನ್ನ ಜಾಣತನಕ್ಕೆ ಏನನ್ನಲಿ? ಒಂದೊಂದು ಪ್ರಶ್ನೆ ಬಂದಾಗಲೂ ಇದು ಚಿತ್ತವಾಡ್ಗಿಯದಿರಬಹುದೇ ಎಂದು ಪರದೆಯ ಮುಂದೆ ಬಂದು ನಿಲ್ಲುತ್ತೇನೆ. "ಸಾವ್ಕಾರ, ಇದು ಸಂಡೂರಿನವ್ರ ಮೀಸಿ ಇದ್ದಂಗೈತಿ" ಎನ್ನುತ್ತಾನೆ ಪಂಪೇಶ್. ಅವನಿಗೂ ಗೊತ್ತಿಲ್ಲ, ಸುಮ್ಮನೆ ಹೇಳುತ್ತಾನೆ.

ನಿಮ್ಮ ಅವ್ವನ ಅಂಗಡಿಯಲ್ಲಿ ಏನೂ ಕಡಿಮೆ ಬೀಳುವುದಿಲ್ಲವೇ? ಅವಳು ಕೇಳಿದರೂ ಆ ದಿನ ನನ್ನಲ್ಲಿ ಸಾಮಾನು ಇದ್ದುಬಿಟ್ಟರೆ ಏನು ಗತಿ? ಇದೆ ಎಂದು ಒಣ ಉತ್ತರ ಹೋಗುತ್ತದೆ. ಗೋಡೌನ್ ಖಾಲಿಯಾಗಲಿ ಎಂದು ಈ ಜೀವಮಾನದಲ್ಲಿ ಮೊದಲ ಸಲ ದೇವರನ್ನು ಬೇಡಿಕೊಳ್ಳುತ್ತಿದ್ದೇನೆ. ಬಸವ ಜಯಂತಿಯ ದಿನ ಊರೂರಿಗೂ ಮದುವೆ. ಅವತ್ತು ನನ್ನಲ್ಲಿ ಒಂದು ಚಮಚವೂ ಉಳಿಯುವುದಿಲ್ಲ. ಅವಳು ಅವತ್ತು ಕೇಳಿದರೆ ಸಾಕು.

ನಿನ್ನ ಮಾವ

*

ಚಿತ್ತವಾಡ್ಗಿ
೩ ಮೇ ೨೦೨೫

ಪ್ರೀತಿಯ ಮಾವ,

ಗಾಡಿಯ ಹಿಂದೆ ಕೊಪ್ಪರಿಗೆಯನ್ನು ತಬ್ಬಿಕೊಂಡು ಕೂತು ನೀವು ನಮ್ಮ ಓಣಿಗೆ ಬಂದಿಳಿದ ಮೇಲಿನದ್ದನ್ನು ನಾನು ಬರೆಯಬೇಕಿಲ್ಲ. ಅದಕ್ಕೂ ಮೊದಲು ಆದದ್ದನ್ನು ನೀವು ನೋಡಿಲ್ಲ. ಅದನ್ನು ಬರೆದು ಕೊಡುವುದು ನನ್ನ ಮೇಲಿನ ಋಣ.

ಬಸವ ಜಯಂತಿಯ ಹಿಂದಿನ ಮಧ್ಯಾಹ್ನ. ಮರುದಿನದ ಮದುವೆಗೆ ಹುಗ್ಗಿ ಮಾಡಬೇಕಿದ್ದ ನಮ್ಮ ದೊಡ್ಡ ಪಾತ್ರೆಯನ್ನು ಒಲೆಯ ಮೇಲೆ ಏರಿಸುವಾಗ ಅದರ ಹಿಡಿಯೇ ಕಿತ್ತು ಬಂದು, ಪಕ್ಕ ಸೀಳಿತು. ಅಡಿಗೆಯ ಓಬಳಪ್ಪ ತಲೆಯ ಮೇಲೆ ಕೈ ಹೊತ್ತು, "ಸಣ್ಣ ಪಾತ್ರ್ಯಾಗ ಹುಗ್ಗಿ ತಳ ಹಿಡೀತೈತ್ರಿ ಅಕ್ಕಾರ" ಎಂದ. ಅವ್ವ ಸಂಡೂರನ್ನು ಕೇಳಿದಳು, ಇಲ್ಲ. ಊರಿನ ಅಂಗಡಿಗಳಿಗೆಲ್ಲ ಫೋನ್ ಮಾಡಿದಳು, ಇಲ್ಲ. ಹೆಣ್ಣಿನ ಅಪ್ಪ ಬಾಗಿಲಲ್ಲೇ ನಿಂತಿದ್ದ.

ಅವಳು ಕಂಪ್ಯೂಟರ್ ಮುಂದೆ ಕೂತಳು. ನಾನು ಹತ್ತಿರ ಹೋದರೆ, "ನೀ ದೂರ ಸರಿ" ಎಂದಳು. ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ, ಹುಗ್ಗಿಯ ದೊಡ್ಡ ಪಾತ್ರೆ ಇದೆಯೇ ಎಂದು ಕಂಪ್ಲಿಯನ್ನು ಕೇಳಿದಳು.

ನಿಮ್ಮ ಸಾಲು ಬಂತು.

ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಓದಿದಳು. "ಇದನ್ನ ಯಾವಾಗ ಬರ್ದಾನ?" ಎಂದಳು. ಫೆಬ್ರವರಿಯಲ್ಲಿ ಎಂದೆ. "ಅವತ್ತಿಂದ ಇಲ್ಲೇ ಐತೇನು ಇದು?" ಎಂದಳು. ಹೌದು, ನೀನು ಕೇಳಿದರೆ ಮಾತ್ರ ಬರುತ್ತಿತ್ತು ಎಂದೆ. ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಈ ಸಲ ಈರುಳ್ಳಿ ಹುಡುಕಲಿಲ್ಲ. ಆಮೇಲೆ ಏನೋ ಹೊಳೆದು ತಲೆ ಎತ್ತಿ, "ಅಂದ್ರ ಇಷ್ಟ್ ದಿನ ಆ ಸಂಡೂರ್ ಹೊನ್ನೂರುಸ್ವಾಮಿಗಿ ಅಕ್ಕಾ ಅಂದಾನ?" ಎಂದು ಕೇಳಿದಳು. ಅಂದಾನ ಎಂದೆ. ಅಳುತ್ತಿದ್ದವಳು ನಗಲು ಶುರು ಮಾಡಿ, ನಿಲ್ಲಿಸಲಾಗದೆ ಹೊಟ್ಟೆ ಹಿಡಿದುಕೊಂಡಳು. ಹೆಣ್ಣಿನ ಅಪ್ಪ ಗಾಬರಿಯಾದ.

ಪೆಟ್ಟಿಗೆಗೆ ಪ್ರಶ್ನೆ ಕೇಳಬಹುದು, ಅದರ ಪ್ರಶ್ನೆಗೆ ಉತ್ತರ ಕೊಡಲು ನಾನು ದಾರಿ ಇಟ್ಟಿರಲಿಲ್ಲ. ಅದಕ್ಕೆ ಪಂಪೇಶನಿಗೆ ಫೋನ್ ಹಚ್ಚಿದಳು. "ನಿಮ್ ಸಾವ್ಕಾರಗ ಹೇಳು, ಕಳಿಸು ಅಂದ್ಲು ಅಂತ. ಜಲ್ದಿ" ಎಂದಳು. ಕಳಿಸು ಎಂದರೆ ನೀವೇ ಬರುತ್ತೀರಿ ಎಂದು ಅವಳಿಗೆ ಗೊತ್ತಿತ್ತು. ಫೋನ್ ಇಟ್ಟವಳೇ ಹೋಗಿ ಸೀರೆ ಬದಲಾಯಿಸಿದಳು.

ಕೊಪ್ಪರಿಗೆಯೊಳಗೆ ನೀವು ತಂದ ಪೆಂಟಿ ಬೆಲ್ಲ ಹುಗ್ಗಿಗೇ ಹೋಯಿತು. ಮದುವೆಗೆ ಬಂದವರೆಲ್ಲ ಎರಡನೇ ಸಲ ಹಾಕಿಸಿಕೊಂಡರು. ಬೆಲ್ಲದ ಮೇಲೆ ನೀವು ಇಟ್ಟು ತಂದ ಇಳಕಲ್ ಸೀರೆಯನ್ನು ಅವ್ವ ಇನ್ನೂ ಒಳಗಿಟ್ಟಿಲ್ಲ, ಬಂದವರಿಗೆಲ್ಲ ತೋರಿಸುತ್ತಿದ್ದಾಳೆ. ಅವತ್ತು ಅವಳು ಹುಗ್ಗಿ ತಿರುವುತ್ತಾ ನಿಮ್ಮನ್ನು ಬೈದದ್ದಕ್ಕೆಲ್ಲ ನೀವು ನಗುನಗುತ್ತಾ ತಲೆ ಆಡಿಸಿದಿರಿ. ನಿಮಗೆ ಒಂದೂ ಕೇಳಿಸಿಲ್ಲ ಎಂದು ನಿನ್ನೆ ನಾನು ಅವಳಿಗೆ ಹೇಳಿಬಿಟ್ಟೆ. ಪರಿಣಾಮ ಈ ಕಾಗದದ ಜೊತೆಗೇ ಬರುತ್ತಿದೆ.

ನಿಮ್ಮ
ಹೇಮಾ

*

ಹೊಸಪೇಟೆ
೩ ಮೇ ೨೦೨೫

ತಮ್ಮ ಉಚ್ಚೆಂಗಪ್ಪನಿಗೆ ಅಕ್ಕನ ಆಶೀರ್ವಾದ.

ನನಗೆ ಕಾಗದ ಬರೆದು ರೂಢಿಯಿಲ್ಲ. ಒಲೆಯ ಮುಂದೆ ನಾನು ಅಷ್ಟು ಹೊತ್ತು ಹೇಳಿದ್ದು ನಿನ್ನ ಕಿವಿಗೆ ಬಿದ್ದೇ ಇಲ್ಲವಂತೆ. ಕಿವಿ ಮಂದವಾಗಿದೆ ಎಂದು ಹೇಮಾ ಹೇಳುತ್ತಿದ್ದಳು, ಇಷ್ಟು ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಹೇಳುವ ಪುರಸೊತ್ತಿಲ್ಲ, ಬರೆದಿದ್ದೇನೆ, ಓದಿಕೊ.

ಮೊದಲನೆಯದು, ನೀನು ಭಾಳ ಬಡವಾಗಿದ್ದೀ. ಎರಡನೆಯದು, ಕೊಪ್ಪರಿಗೆಯ ಒಳಗೆ ಕಲಾಯಿ ಫಳಫಳ ಅನ್ನುತ್ತಿತ್ತು. ಬಾಡಿಗೆಗೆ ಕೊಡದ, ಬೋರಲು ಬಿದ್ದ ಪಾತ್ರೆಗೆ ವರ್ಷ ವರ್ಷ ಯಾರಾದರೂ ಕಲಾಯಿ ಹಾಕಿಸುತ್ತಾರೇನು ಎಂದು ಕೇಳಿದೆ. ನೀನು ತಲೆ ಆಡಿಸಿದೆ. ಅದಕ್ಕೇ ನನ್ನ ಸಿಟ್ಟು ಅಲ್ಲಿಗೇ ನಿಂತಿತು. ಕೇಳಿಸದೆ ಆಡಿಸಿದ್ದೆಂದು ಈಗ ತಿಳಿಯಿತು, ಆದರೆ ಹೋದ ಸಿಟ್ಟನ್ನು ವಾಪಸ್ ಕರೆಯಲು ಆಗುವುದಿಲ್ಲ.

ಬುಧವಾರ ಹೊಸಪೇಟೆಗೆ ಬಾ. ಕಿವಿ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ. ನೆಪ ಹೇಳಬೇಡ.

ಯಲ್ಲೇಶನ ಗಾಡಿಯಲ್ಲಿ ಕೊಪ್ಪರಿಗೆ ಕಳಿಸಿದ್ದೇನೆ. ತಳದಲ್ಲಿ ಅರಿಶಿನ ಕುಂಕುಮ ಇದೆ. ಅದರ ಮೇಲೆ ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಅವ್ವ ಮಾಡುತ್ತಿದ್ದಂಥ ಗುರೆಳ್ಳು ಪುಡಿ. ಪಂಪೇಶನಿಗೂ ಕೊಡು. ತಿಂದು ಮುಗಿದ ಮೇಲೆ ಪಾತ್ರೆ ನನಗೆ ವಾಪಸ್ ಕಳಿಸು. ಹೇಗೆ ಕಳಿಸಬೇಕೆಂದು ನಿನಗೆ ಹೇಳಬೇಕಾಗಿಲ್ಲ.

ಪೆಟ್ಟಿಗೆಗೆ ಹಾಕಿಸಿದ ಆ ಸಾಲನ್ನು ಇನ್ನು ತೆಗೆಯಲೇನು ಎಂದು ಹೇಮಾ ಕೇಳಿದಳು. ಕೈ ಮುರಿದೇನು ಎಂದಿದ್ದೇನೆ. ನಾನೀಗ ದಿನಾ ಬೆಳಿಗ್ಗೆ ಅಂಗಡಿ ತೆರೆದು, ದೀಪ ಹಚ್ಚಿ, ಮೊದಲು ಅದರ ಮುಂದೆ ಕೂರುತ್ತೇನೆ. ಆನೆ ಅಂಬಾರಿ ಇದೆಯೇ ಎಂದು ಕಂಪ್ಲಿಯನ್ನು ಕೇಳುತ್ತೇನೆ. ನಿನ್ನಲ್ಲಿ ಇಲ್ಲವೆಂದು ನನಗೆ ಗೊತ್ತು.

ನಿನ್ನ ಅಕ್ಕ
ಚೆನ್ನಬಸಮ್ಮ